ತಿಪ್ಪೆಯಲ್ಲಿ ಹಾವಿನ ಮೊಟ್ಟೆ ಸಿಕ್ಕರೆ

ಖಾನಾಪುರ ತಾಲ್ಲೂಕಿನ ಹಲಸಿ, ನಂದಗಡದ ಕಡೆ ಮುಂಗಾರಿಗೆ ಮುಂಚೆ ತಿಪ್ಪೆ ಬಗೆದು ಹೊಲಕ್ಕೆ ಗೊಬ್ಬರ ಹೇರುವ ಕೆಲಸ ಜೋರು. ನಾಗರಹಾವು ಮೊಟ್ಟೆಯಿಡುವುದೂ ಹೆಚ್ಚಾಗಿ ಏಪ್ರಿಲ್–ಮೇ ಹೊತ್ತಿಗೇ. ಹೀಗಾಗಿ ಒಮ್ಮೊಮ್ಮೆ ಸಲಿಕೆಗೆ ಮೊಟ್ಟೆಗಳು ತಾಗುತ್ತವೆ. ಗಟ್ಟಿ ಚಿಪ್ಪಲ್ಲ, ಒತ್ತಿದರೆ ತಗ್ಗುವ ತೊಗಲಿನಂಥ ಬಿಳಿ ಸಿಪ್ಪೆ, ಒಂದಕ್ಕೊಂದು ಅಂಟಿದ ಗೊಂಚಲು. ಮನೆಯಲ್ಲೇ ಮರಿ ಮಾಡಿಸೋಣ ಎಂಬ ಹುಮ್ಮಸ್ಸು ಹುಟ್ಟುವುದು ಆಗಲೇ, ಮೊಬೈಲಿನಲ್ಲಿ ಹಾವು ಸಾಕುವವರ ವಿಡಿಯೊ ನೋಡಿದ ಹುಡುಗರಿಗಂತೂ.

ಹುಮ್ಮಸ್ಸಿಗೆ ಮೊದಲು ಎರಡು ಹೆಜ್ಜೆ ಹಿಂದೆ ಸರಿಯಿರಿ. ನಾಗರದ ಹೆಣ್ಣು ಮೊಟ್ಟೆ ಕಾಯುತ್ತದೆ, ಅಲ್ಲೇ ಎಲ್ಲೋ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಾಗರ, ಕಾಳಿಂಗ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಕಾಡುಹಾವಿನ ಮೊಟ್ಟೆ ಹಾಳುಮಾಡುವುದು, ಗೂಡು ಕೆದಕುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಸಾಧ್ಯವಾದರೆ ಗೊಬ್ಬರ ಮತ್ತೆ ಮುಚ್ಚಿ, ಆ ಮೂಲೆಯನ್ನು ಎರಡು ತಿಂಗಳು ಬಿಟ್ಟುಬಿಡಿ. ಮನೆಗೆ ತೀರಾ ಹತ್ತಿರವಾದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ.

ಹಾವು ಕೋಳಿಯಂತೆ ಕಾವು ಕೊಡುವುದಿಲ್ಲ (ಹೆಬ್ಬಾವಿನ ಹೆಣ್ಣು ಮಾತ್ರ ಸುತ್ತಿ ಕುಳಿತು, ಮೈ ನಡುಗಿಸಿ ಬಿಸಿ ಹುಟ್ಟಿಸುತ್ತದೆ). ಕೊಳೆಯುವ ಸಗಣಿ, ಕಸದ ಬಿಸಿ ಮತ್ತು ತೇವವೇ ಕಾವು. ಇಲಾಖೆಯ ಒಪ್ಪಿಗೆಯಿರುವ ಉರಗ ರಕ್ಷಕರು ಮಾಡುವುದೂ ತಿಪ್ಪೆಯ ಈ ಕೆಲಸವನ್ನೇ. ಮೊಟ್ಟೆ ಎತ್ತುವ ಮುನ್ನ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕುತ್ತಾರೆ. ಇಟ್ಟ ಒಂದೆರಡು ದಿನದಲ್ಲೇ ಭ್ರೂಣ ಒಳಮೈಗೆ ಅಂಟಿಕೊಳ್ಳುವುದರಿಂದ, ಮೊಟ್ಟೆ ಮಗುಚಿದರೆ ಮರಿ ಸಾಯಬಹುದು. ಗೊಂಚಲನ್ನು ಬಿಡಿಸುವುದಿಲ್ಲ. ನೆನೆಸಿ, ನೀರು ಹನಿಯದಂತೆ ಹಿಂಡಿದ ತೆಂಗಿನನಾರಿನ ಪುಡಿಯಲ್ಲಿ ಅರ್ಧ ಹೂತು, ಸಣ್ಣ ತೂತಿನ ಡಬ್ಬಿ ಮುಚ್ಚಿ, ಸುಮಾರು 28–30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ತೇವ ಹೆಚ್ಚಾದರೆ ಬೂಸ್ಟು, ಕಡಿಮೆಯಾದರೆ ಮೊಟ್ಟೆ ಕುಗ್ಗುತ್ತದೆ. ನಾಗರ, ಕೇರೆಗಳ ಮರಿಗೆ ಸುಮಾರು ಎರಡು ತಿಂಗಳು ಬೇಕು. ಮೂತಿಯ ತುದಿಯ ಚೂಪು ಹಲ್ಲಿನಿಂದ ಸಿಪ್ಪೆ ಸೀಳಿದ ಮರಿ, ತಲೆಯಷ್ಟೇ ಹೊರಹಾಕಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನವಿಡೀ ಕೂರುತ್ತದೆ; ಒಳಗೆ ಉಳಿದ ಹಳದಿ ಮೈಗೂಡಬೇಕು. ಎಳೆಯಬಾರದು. ನಾಗರದ ಮರಿಗೆ ಹುಟ್ಟುತ್ತಲೇ ವಿಷವುಂಟು. ಹಾಲು, ಮೊಟ್ಟೆ ಏನೂ ಕೊಡಬೇಕಿಲ್ಲ. ತಕ್ಕ ಜಾಗದಲ್ಲಿ ಬಿಟ್ಟರಾಯಿತು.

ಇನ್ನು ಕೊಳಕುಮಂಡಲದ ಮೊಟ್ಟೆ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಮರಿಯನ್ನೇ ಹಾಕುತ್ತದೆ. ಕೇರೆಗೂ ನಾಗರಕ್ಕೂ ಕೂಡಿಕೆ ಎಂಬ ಮಾತೂ ಅಂಥದ್ದೇ. ಹೆಣೆದುಕೊಂಡು ಎದ್ದು ನಿಂತ ಆ ಜೋಡಿ ಸಾಮಾನ್ಯವಾಗಿ ಎರಡು ಗಂಡು ಕೇರೆಗಳು, ನಡೆಯುತ್ತಿರುವುದು ಕುಸ್ತಿ.

ಸಾಕಲೇಬೇಕು ಎನ್ನುವವರ ಕಣ್ಣು ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಹಾವಿನ ಮೇಲೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿಯನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ಕೈಬದಲಾದರೂ ತಿಳಿಸಬೇಕು. ಸುಮಾರು ಒಂದೂವರೆ ಕೆಜಿ ತೂಗುವ ಹೆಣ್ಣನ್ನೇ ಕೂಡಿಸುವುದು ರೂಢಿ. ಮೊಟ್ಟೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು. 31–32 ಡಿಗ್ರಿಯಲ್ಲಿ 55–60 ದಿನಕ್ಕೆ ಒಡೆಯುತ್ತವೆ. ಖಾನಾಪುರದ ಮಳೆಗಾಲದಲ್ಲಿ ಕರೆಂಟು ಹೋದಾಗ ಆ ಬಿಸಿ ಹಿಡಿದಿಡುವುದೇ ಒಂದು ಪರೀಕ್ಷೆ. ಅದಕ್ಕಿಂತ ಕಷ್ಟ ಮುಂದಿನದು: ಪ್ರತಿ ಮರಿಗೆ ಬೇರೆ ಪೆಟ್ಟಿಗೆ, ಇಲಿಮರಿಯ ಆಹಾರ, ತಿನ್ನದೆ ಹಟ ಹಿಡಿಯುವ ಒಂದೆರಡು ಮರಿ. ಈ ಹಾವು 20–30 ವರ್ಷ ಬದುಕಬಲ್ಲದು. ಬೇಸರವಾಯಿತೆಂದು ಭೀಮಗಡದ ಕಾಡಿಗೆ ಬಿಡುವಂತಿಲ್ಲ. ಹೊರಗಿನ ರೋಗ ನಮ್ಮ ಹಾವುಗಳಿಗೂ ತಗಲಬಹುದು.