ದಮ್ಮು, ಅಲರ್ಜಿ ಮತ್ತು ನಮ್ಮ ಮನೆಯ ಗಾಳಿ



ದಮ್ಮಿಗೆ ಔಷಧಿ ಒಯ್ದ ಎಷ್ಟೋ ಜನ ತಿಂಗಳೊಳಗೆ ಮತ್ತೆ ಉಬ್ಬಸದಿಂದಲೇ ಬರುತ್ತಾರೆ. "ಔಷಧಿ ಹತ್ತಲಿಲ್ಲ" ಎನ್ನುತ್ತಾರೆ. ಬಹಳ ಸಲ ಔಷಧಿ ಹತ್ತಿರುತ್ತದೆ. ಆದರೆ ದಮ್ಮು ಎಬ್ಬಿಸುವ ಹೊಗೆ, ಧೂಳು ಮನೆಯಲ್ಲಿ ಹಾಗೆಯೇ ಉಳಿದಿರುತ್ತವೆ.

ಅಸ್ತಮಾ ಇದ್ದವರ ಶ್ವಾಸನಾಳಗಳು ಒಳಗಿನಿಂದ ಬಾತಿರುತ್ತವೆ. ಹೊಗೆ, ಧೂಳು, ಹೂವಿನ ಪರಾಗ ತಾಗಿದೊಡನೆ ನಾಳಗಳು ಬಿಗಿಯುತ್ತವೆ, ಕಫ ತುಂಬುತ್ತದೆ, ಎದೆಯಲ್ಲಿ ಸಿಳ್ಳಿನ ಸಪ್ಪಳ ಬರುತ್ತದೆ. ಅದೇ ಅಲರ್ಜಿ ಮೂಗಿಗಾದರೆ ಮೇಲಿಂದ ಮೇಲೆ ಸೀನು, ನೆಗಡಿ, ಕಣ್ಣಿನ ತುರಿಕೆ. ಇದು ಅಂಟುರೋಗವಲ್ಲ. ವಂಶದಿಂದ ಬರುವುದುಂಟು, ಆದರೆ ವಂಶವೊಂದೇ ಕಾರಣವಲ್ಲ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಪರೀಕ್ಷಿಸಿದಾಗ 1979ರಲ್ಲಿ ಶೇ. 9ರಷ್ಟು ಮಕ್ಕಳಿಗಿದ್ದ ಅಸ್ತಮಾ 1999ರಲ್ಲಿ ಶೇ. 29.5ಕ್ಕೆ ಏರಿತ್ತು. ಇಪ್ಪತ್ತು ವರ್ಷದಲ್ಲಿ ವಂಶ ಬದಲಾಗದು, ಸುತ್ತಲಿನ ಗಾಳಿ ಬದಲಾಗುತ್ತದೆ.

ನಮ್ಮ ಭಾಗದಲ್ಲಿ ಮೊದಲು ನೋಡಬೇಕಾದದ್ದು ಒಲೆ. 2016ರ ಉಜ್ವಲಾ ಯೋಜನೆಯ ನಂತರ ಹಳ್ಳಿಗಳ ಬಡವರ ಮನೆಗೂ ಸಿಲಿಂಡರ್ ಬಂದಿದೆ. ಆದರೂ ಚಹಾಕ್ಕೆ ಗ್ಯಾಸು, ರೊಟ್ಟಿಗೆ ಮತ್ತು ಸ್ನಾನದ ನೀರಿಗೆ ತೊಗರಿ ಕಟ್ಟಿಗೆ, ಕುಳ್ಳು ಎಂಬುದು ಅನೇಕರ ರೂಢಿ. ಸಿಲಿಂಡರಿನ ಬೆಲೆ ನೋಡಿದರೆ ಅವರನ್ನು ದೂರುವಂತಿಲ್ಲ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಹಳ್ಳಿಯ ಮಹಿಳೆಯರ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು-ಕಫದ ರೋಗದ ಅಪಾಯ ಹೆಚ್ಚು. ಅಂದರೆ ದಿನಕ್ಕೆ 3 ತಾಸು, 20 ವರ್ಷ. ಇಪ್ಪತ್ತಕ್ಕೆ ಮದುವೆಯಾಗಿ ಬಂದ ಸೊಸೆ ನಲವತ್ತಕ್ಕೆ ಅಲ್ಲಿ ತಲುಪುತ್ತಾಳೆ. ಬೀಡಿ ಮುಟ್ಟದ ತಾಯಿಗೆ ಈ ಕೆಮ್ಮು ಎಲ್ಲಿಂದ ಎಂದು ಕೇಳುವವರು ಈ ಲೆಕ್ಕ ಹಾಕಿ ನೋಡಬೇಕು. ಅಸ್ತಮಾ ಇದ್ದವರಿಗೆ ಇದೇ ಹೊಗೆ ದಮ್ಮನ್ನೂ ಎಬ್ಬಿಸುತ್ತದೆ. ಆದ್ದರಿಂದ ಅಂಥ ಮನೆಯಲ್ಲಿ ಗ್ಯಾಸನ್ನು ಮೊದಲು ರೊಟ್ಟಿಗೆ ಬಳಸಿರಿ. ನೀರಿನ ಒಲೆಯನ್ನು ಅಂಗಳಕ್ಕೆ ಒಯ್ಯಿರಿ, ಹಸಿ ಕಟ್ಟಿಗೆ ಉರಿಸಬೇಡಿರಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಮುಂದೆ ಕೂಡಬೇಡಿರಿ.

ಸೊಳ್ಳೆಬತ್ತಿಯೂ ಹೊಗೆಯೇ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣಗಳು ಬರುತ್ತವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಅದರ ಬದಲು ಸೊಳ್ಳೆಪರದೆ ಕಟ್ಟಿರಿ. ಊದುಬತ್ತಿ, ಲೋಬಾನವೂ ಹಾಗೆಯೇ. ಪತ್ರಿ, ವಿಭೂತಿ ಇದ್ದರೆ ಪೂಜೆಗೆ ಕೊರತೆಯಿಲ್ಲ.

ಹಳೆಯ ಕೌದಿಗಳಲ್ಲಿ ಬರಿಗಣ್ಣಿಗೆ ಕಾಣದ ಧೂಳಿನ ಹುಳಗಳಿರುತ್ತವೆ. ಅವುಗಳ ಮಲವೇ ಅಲರ್ಜಿ ತರುತ್ತದೆ. ಕೌದಿಯನ್ನು ಕಡು ಬಿಸಿಲಿಗೆ ಎರಡೂ ಮಗ್ಗಲು ಹಾಕಿರಿ. ಹೊದಿಕೆ, ತಲೆದಿಂಬಿನ ಗಲೀಪನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಕೌದಿ ಝಾಡಿಸುವ ಕೆಲಸವನ್ನು ರೋಗಿ ಮಾಡಬಾರದು. ಜೋಳದ ಚೀಲಗಳನ್ನು ಮಲಗುವ ಕೋಣೆಯಲ್ಲಿ ಒಟ್ಟಬೇಡಿರಿ. ಬೂಷ್ಟು ಹಿಡಿದ ಕಾಳಿನ ಧೂಳು ಬಹಳ ಕೆಟ್ಟದ್ದು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ತೊಗರಿ ರಾಶಿ ಸುರುವಾಗುತ್ತದೆ. ದಮ್ಮು ಇದ್ದವರು ಮಷಿನ್ ಹತ್ತಿರ ಹೋಗದಿರುವುದೇ ಒಳ್ಳೆಯದು. ಹೋಗಲೇಬೇಕಾದರೆ ಮಾಸ್ಕ್ ಕಟ್ಟಿಕೊಂಡು ಗಾಳಿ ಬರುವ ಕಡೆಗೆ ನಿಲ್ಲಿರಿ, ಮನೆಗೆ ಬಂದು ಸ್ನಾನ ಮಾಡಿ ಬಟ್ಟೆ ಬದಲಿಸಿರಿ. ಹೊಲದ ಬದುವಿನ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ, ಕೈಗೆ ಚೀಲ ಸುತ್ತಿಕೊಂಡು ಕಿತ್ತಿರಿ.

ಧೂಳು ಕಡಿಮೆಯಾಯಿತೆಂದು ಪಂಪ್ ಬಿಡಬೇಡಿರಿ. ಅದು ಚಟವಾಗುತ್ತದೆಂಬ ಮಾತು ಸುಳ್ಳು. ಅದರ ಔಷಧಿ ಅಲ್ಪ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಸುಗ್ಗಿಗೊಮ್ಮೆ "ದಮ್ಮಿನ ಸೂಜಿ" ಮಾಡಿಸಿಕೊಳ್ಳುವ ರೂಢಿಯೇ ಅಪಾಯದ್ದು. ಅಂಥ ಸೂಜಿಗಳಲ್ಲಿ ಹಲವು ಸ್ಟಿರಾಯ್ಡ್. ಪದೇ ಪದೇ ಪಡೆದರೆ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಮೃಗಶಿರಾ ಮಳೆಗೆ ಹೈದರಾಬಾದಿನ ಮೀನಿನ ಔಷಧಿಗೆ ಹೋಗುವವರೂ ಪಂಪ್ ಜೊತೆಗೊಯ್ಯಿರಿ.

ಮಾತು ಮುಗಿಸಲಾಗದಷ್ಟು ಉಬ್ಬಸ, ತುಟಿ ನೀಲಿಯಾಗುವುದು, ಮಗುವಿನ ಪಕ್ಕೆ ಒಳಗೆ ಎಳೆಯುವುದು, ಪಂಪ್ ಹೊಡೆದರೂ ಇಳಿಯದಿರುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿರಿ. 108ಕ್ಕೆ ಫೋನ್ ಮಾಡಿರಿ. ರೋಗಿಯನ್ನು ಮಲಗಿಸದೆ ಕೂಡಿಸಿಕೊಂಡು, ವೈದ್ಯರು ಹೇಳಿಕೊಟ್ಟಂತೆ ಪಂಪ್ ಕೊಡುತ್ತ ಕರೆತನ್ನಿರಿ.