ವೈಯಕ್ತಿಕ ಅಧ್ಯಯನಕ್ಕೆ ಯಾವ ಬೈಬಲ್ ಅನುವಾದ?

ಗುರುದೀಕ್ಷೆ ಪಡೆದ ಮೊದಲ ವರ್ಷ ನಮ್ಮನ್ನು ಒಂದು ಸಾವಿನ ಮನೆಗೆ ಕರೆದಿದ್ದರು. ಜಪಸರ ಮುಗಿದ ಮೇಲೆ ಮನೆಯ ಹಿರಿಯರು, "ಫಾದರ್, ಎರಡು ಮಾತು ಹೇಳಿ" ಎಂದರು. ಯೊವಾನ್ನರ ಶುಭಸಂದೇಶದ 14ನೆಯ ಅಧ್ಯಾಯ ಮನಸ್ಸಿಗೆ ಬಂದಿತು. ಆದರೆ ಅದು ಬಂದದ್ದು ಇಂಗ್ಲಿಷಿನಲ್ಲಿ. ಗುರುಮಠದಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಬೈಬಲನ್ನೇ ಓದಿ, ಅದರಲ್ಲೇ ಧ್ಯಾನಿಸಿ, ಅದರಲ್ಲೇ ಪರೀಕ್ಷೆ ಬರೆದವರು ನಾವು. ನಿಂತ ನಿಲುವಿನಲ್ಲಿ ಅನುವಾದ ಮಾಡಲು ಹೊರಟು ತಡವರಿಸಿದೆವು. ಆಗ ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿಯೊಬ್ಬರು ಆ ವಾಕ್ಯಗಳನ್ನು ಕನ್ನಡದಲ್ಲಿ ಮೆಲ್ಲನೆ ಹೇಳಿ ಮುಗಿಸಿದರು. ಅಂದು ಆ ಮನೆಗೆ ದೇವರ ವಾಕ್ಯವನ್ನು ತಲುಪಿಸಿದವರು ಅವರು, ನಾವಲ್ಲ.

ಬೈಬಲಿನ ಯಾವ ಅನುವಾದ ಒಳ್ಳೆಯದು ಎಂದು ಗುರು ಅಭ್ಯರ್ಥಿಗಳು ಪ್ರತಿ ವರ್ಷವೂ ನಮ್ಮನ್ನು ಕೇಳುತ್ತಾರೆ. ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳುವುದು ಲೇಸು: ನಾವು ಪ್ರತಿದಿನ ಓದಬಲ್ಲ, ಪೂರ್ತಿಯಾಗಿ ಓದಬಲ್ಲ, ಓದಿದ್ದನ್ನು ಜನರ ಬಳಿಗೆ ಒಯ್ಯಬಲ್ಲ ಅನುವಾದ ಯಾವುದು? ಸುಲಭವಾಗಿ ಓದಿಸಿಕೊಳ್ಳುವ ಅನುವಾದ ನಮಗೆ ಅವಶ್ಯ; ಆದರೆ ಅದು ಯಾವುದನ್ನು ಸುಲಭ ಮಾಡಿದೆ, ಸುಲಭ ಮಾಡುವಾಗ ಯಾವುದನ್ನು ಮರೆಮಾಡಿದೆ ಎಂಬ ಅರಿವೂ ಅಷ್ಟೇ ಅವಶ್ಯ. ಈ ಎರಡನ್ನೂ ಒಟ್ಟಿಗೆ ಹಿಡಿಯುವ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಎರಡು ಮಾರ್ಗಗಳು

ಅನುವಾದಕರ ಮುಂದೆ ಸ್ಥೂಲವಾಗಿ ಎರಡು ಮಾರ್ಗಗಳಿವೆ. ಮೂಲದ ಪದ, ವಾಕ್ಯರಚನೆ, ಪುನರುಕ್ತಿಗಳನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಳ್ಳುವುದು ಮೊದಲನೆಯದು. ಮೂಲದ ಓದುಗನಲ್ಲಿ ಮೂಡಿದ ಅರ್ಥವೇ ಇಂದಿನ ಓದುಗನಲ್ಲಿಯೂ ಮೂಡುವಂತೆ ವಾಕ್ಯವನ್ನು ಹೊಸದಾಗಿ ಕಟ್ಟುವುದು ಎರಡನೆಯದು. ಇಪ್ಪತ್ತನೆಯ ಶತಮಾನದಲ್ಲಿ ಯೂಜೀನ್ ನೈಡಾ ಈ ಎರಡನೆಯ ಮಾರ್ಗಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. ಸಾಮಾನ್ಯ ಭಾಷೆಯ ಬೈಬಲ್ ಅನುವಾದಗಳು ಬಹುಮಟ್ಟಿಗೆ ಅದನ್ನೇ ಅನುಸರಿಸಿವೆ. ಮೊದಲನೆಯದು ನಿಷ್ಠೆ, ಎರಡನೆಯದು ಸಡಿಲಿಕೆ ಎಂದು ತೀರ್ಪು ಕೊಡುವುದು ಸರಿಯಲ್ಲ. ಪದಕ್ಕೆ ಪದವಿಟ್ಟರೂ ಅರ್ಥ ಕೆಡಬಹುದು. ಅರ್ಥವನ್ನು ಬಿಡಿಸಿಟ್ಟರೆ ಮೂಲದ ಆಳ ಬತ್ತಬಹುದು.

ಕನ್ನಡದಲ್ಲಿ ಎರಡೂ ಬಗೆಯವು ನಮ್ಮ ಕೈಗೆ ಸಿಗುತ್ತವೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಅನುವಾದದ ಕೆಲಸ 1831ರ ವೇಳೆಗೆ ಇಡೀ ಬೈಬಲಾಗಿ ಹೊರಬಂದಿತು. ಅದನ್ನು ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಮುಂದೆ ಪರಿಷ್ಕರಿಸಿದರು. ಇಂದು ಭಾರತದ ಬೈಬಲ್ ಸೊಸೈಟಿ ಪ್ರಕಟಿಸುವ ಹಳೆಯ 'ಸತ್ಯವೇದವು' ಈ ಪರಂಪರೆಯದು. ಸಿ.ಎಲ್. ಎಂದು ಗುರುತಿಸಲಾಗುವ ಸಾಮಾನ್ಯ ಭಾಷೆಯ ಅನುವಾದವನ್ನು ಪ್ರಕಟಿಸಿದ್ದೂ ಅದೇ ಸಂಸ್ಥೆ. ಸರ್ವೇಶ್ವರ, ಶುಭಸಂದೇಶ, ಯೊವಾನ್ನ ಎಂಬ ಇದರ ಪದಗಳು ನಮ್ಮ ಬಲಿಪೂಜೆಯ ವಾಚನಗಳಿಂದ ನಮಗೆ ಪರಿಚಿತ. ಹಳೆಯ ಅನುವಾದದಲ್ಲಿ ಅವುಗಳ ಸ್ಥಾನದಲ್ಲಿ ಯೆಹೋವ, ಸುವಾರ್ತೆ, ಯೋಹಾನ ಎಂಬ ಪದಗಳಿವೆ.

ಕನ್ನಡ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಅನುವಾದಕರಿಗೆ ಇಲ್ಲದ ಒಂದು ಹೊಣೆ ಕನ್ನಡದವರಿಗಿದೆ. ಗ್ರೀಕಿನಲ್ಲಿ ಒಬ್ಬ ವ್ಯಕ್ತಿಯನ್ನು ಸಂಬೋಧಿಸಲು ಒಂದೇ ಸರ್ವನಾಮ; ಕನ್ನಡದಲ್ಲಿ ನೀನು, ನೀವು, ತಾವು. ಗ್ರೀಕಿನಲ್ಲಿ ಕ್ರಿಯಾಪದಕ್ಕೆ ಗೌರವಸೂಚಕ ರೂಪವಿಲ್ಲ. ಕನ್ನಡದಲ್ಲಿ 'ಹೇಳಿದನು' ಎನ್ನಬೇಕೇ 'ಹೇಳಿದರು' ಎನ್ನಬೇಕೇ ಎಂಬುದನ್ನು ಪ್ರತಿ ವಾಕ್ಯದಲ್ಲೂ ನಿರ್ಧರಿಸಬೇಕು. ಹಳೆಯ ಅನುವಾದ ದೇವರಿಗೂ ಯೇಸುವಿಗೂ ಏಕವಚನವನ್ನು ಬಳಸುತ್ತದೆ; ಸಿ.ಎಲ್. ಗೌರವದ ಬಹುವಚನವನ್ನು ಬಳಸುತ್ತದೆ. ಏಕವಚನವೆಂದರೆ ಅಗೌರವ ಎಂದು ಕೆಲವರು ಮುಖ ಸಿಂಡರಿಸುವುದುಂಟು. ಆದರೆ ವಚನಕಾರರೂ ಹರಿದಾಸರೂ ತಮ್ಮ ದೇವರನ್ನು 'ನೀನು' ಎಂದೇ ಕರೆದರು; ಆಪ್ತತೆಗೂ ಕನ್ನಡದಲ್ಲಿ ಏಕವಚನವೇ ಭಾಷೆ. ಯಾಕೋಬನ ಬಾವಿಯ ಬಳಿ ಸಮಾರ್ಯದ ಸ್ತ್ರೀ ಯೇಸುವನ್ನು ಮೊದಲು ಹೇಗೆ ಸಂಬೋಧಿಸುತ್ತಾಳೆ, ಸಂಭಾಷಣೆ ಮುಂದುವರಿದಂತೆ ಆಕೆಯ ಧ್ವನಿ ಬದಲಾಗುತ್ತದೆಯೇ ಎಂಬುದನ್ನು ಗ್ರೀಕ್ ಸರ್ವನಾಮ ಹೇಳುವುದಿಲ್ಲ. ಕನ್ನಡ ಅನುವಾದಕನು ಹೇಳಲೇಬೇಕು. ಅಲ್ಲಿ ನಾವು ಓದುವುದು ಅನುವಾದದ ಜೊತೆಗೆ ಒಂದು ವ್ಯಾಖ್ಯಾನವನ್ನೂ.

ಕಾನಾ ಊರಿನ ಮದುವೆಯ ಪ್ರಸಂಗವೂ ಹಾಗೆಯೇ. ಯೊವಾನ್ನ 2:4ರಲ್ಲಿ ಯೇಸು ತಾಯಿಯನ್ನು ಸಂಬೋಧಿಸುವ ಗ್ರೀಕ್ ಪದದ ನೇರ ಅರ್ಥ 'ಸ್ತ್ರೀಯೇ'. ಗ್ರೀಕಿನಲ್ಲಿ ಅದು ಒರಟು ಮಾತಲ್ಲ. ಕನ್ನಡದಲ್ಲಿ ಮಗನೊಬ್ಬ ತಾಯಿಗೆ ಹಾಗೆಂದರೆ ಕೇಳುವವರಿಗೆ ನೋವಾಗುತ್ತದೆ. 'ಅಮ್ಮಾ' ಎಂದರೆ ಆ ನೋವಿಲ್ಲ, ಮಾತು ಸಹಜವಾಗುತ್ತದೆ. ಆದರೆ ಯೊವಾನ್ನರು ಅದೇ ಪದವನ್ನು ಶಿಲುಬೆಯ ಬುಡದಲ್ಲಿ (19:26) ಮತ್ತೆ ಬಳಸುತ್ತಾರೆ. ಸಮಾರ್ಯದವಳಿಗೂ (4:21) ಮಗ್ದಲದ ಮರಿಯಳಿಗೂ (20:15) ಬಳಸುತ್ತಾರೆ. ಆದಿಕಾಂಡ 3:15ರ ಸ್ತ್ರೀಯನ್ನು ನೆನೆದು ಧರ್ಮಸಭೆ ಇಲ್ಲಿ ಧ್ಯಾನಿಸಿದ್ದು ಬಹಳ. 'ಅಮ್ಮಾ' ಎಂದಾಗ ಆ ಎಳೆ ಕಾಣದಾಗುತ್ತದೆ. ಎರಡರಲ್ಲಿ ಒಂದು ತಪ್ಪು ಎನ್ನುವಂತಿಲ್ಲ. ಒಂದನ್ನು ಪಡೆದಾಗ ಇನ್ನೊಂದು ಕೈತಪ್ಪುತ್ತದೆ.

ದೇವರ ನಾಮದ ವಿಷಯ ಇನ್ನೂ ಸೂಕ್ಷ್ಮವಾದುದು. ಹೀಬ್ರೂವಿನ ನಾಲ್ಕು ವ್ಯಂಜನಗಳಿಗೆ 'ಅದೋನಾಯ್' ಎಂಬ ಪದದ ಸ್ವರಗಳು ಸೇರಿ 'ಯೆಹೋವ' ಎಂಬ ಉಚ್ಚಾರಣೆ ರೂಢಿಗೆ ಬಂದಿತು. ಗ್ರೀಕ್ ಸಪ್ತತಿ ಅನುವಾದ ಅಲ್ಲಿ 'ಕ್ಯೂರಿಯೋಸ್' ಎಂದಿತು. ಆ ಪವಿತ್ರ ನಾಮವನ್ನು ದೈವಾರಾಧನೆಯಲ್ಲಿ ಉಚ್ಚರಿಸದೆ, 'ಪ್ರಭು' ಎಂಬ ಅರ್ಥದ ಪದವನ್ನು ಬಳಸಬೇಕೆಂದು ವ್ಯಾಟಿಕನ್ 2008ರಲ್ಲಿ ಧರ್ಮಾಧ್ಯಕ್ಷರ ಮಂಡಳಿಗಳಿಗೆ ನೆನಪಿಸಿತು. ಹೊಸ ಒಡಂಬಡಿಕೆ ಯೇಸುವನ್ನು ಕರೆಯುವುದೂ 'ಕ್ಯೂರಿಯೋಸ್' ಎಂದೇ. ಯೊವೇಲ 2:32ನ್ನೂ (ಹೀಬ್ರೂ ಎಣಿಕೆಯಲ್ಲಿ 3:5) ಅದನ್ನು ಉದ್ಧರಿಸುವ ರೋಮನರಿಗೆ 10:13ನ್ನೂ ನಿಮ್ಮ ಬೈಬಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿರಿ. ಎರಡು ಕಡೆ ಎರಡು ಪದಗಳಿದ್ದರೆ, ಪೌಲರು ಕ್ರಿಸ್ತನನ್ನು ಕುರಿತು ಎಂಥ ಮಾತನ್ನಾಡುತ್ತಿದ್ದಾರೆ ಎಂಬುದು ಸಾಮಾನ್ಯ ಓದಿನಲ್ಲಿ ಹೊಳೆಯದು.

ಸರಾಗ ಓದಿನಲ್ಲಿ ತಪ್ಪಿಹೋಗುವುದು

ತರಗತಿಯಲ್ಲಿ ನಾವು ಕೊಡುವ ಸಣ್ಣ ಪರೀಕ್ಷೆಯೊಂದಿದೆ. ಯೊವಾನ್ನ 15:4-10ನ್ನು ತೆರೆದು, ಬಳ್ಳಿ ಮತ್ತು ಕವಲುಗಳ ಆ ಭಾಗದಲ್ಲಿ 'ನೆಲಸು' ಎಂಬ ಅರ್ಥದ ಪದಗಳನ್ನು ಎಣಿಸಿರಿ. ಗ್ರೀಕಿನಲ್ಲಿ 'ಮೆನೇಯಿನ್' ಎಂಬ ಒಂದೇ ಕ್ರಿಯಾಪದ ಹತ್ತು ಬಾರಿ ಬರುತ್ತದೆ. ನಿಮ್ಮ ಅನುವಾದದಲ್ಲಿ ಒಂದೇ ಪದ ಮರಳಿ ಮರಳಿ ಬಂದಿದೆಯೇ? ಅಥವಾ ನೆಲಸು, ಒಂದಾಗಿರು, ಉಳಿ, ಇರು ಎಂದು ಬೇರೆ ಬೇರೆ ಮಾತುಗಳು ಬಂದಿವೆಯೇ? ಒಳ್ಳೆಯ ಕನ್ನಡ ಗದ್ಯ ಒಂದೇ ಪದವನ್ನು ಹತ್ತು ಸಲ ಸಹಿಸುವುದು ಕಷ್ಟ. ಯೊವಾನ್ನರಿಗಾದರೋ ಆ ಪುನರುಕ್ತಿಯೇ ಉಪದೇಶ.

ಈ ಎಳೆ ಅಲ್ಲಿಗೇ ನಿಲ್ಲುವುದಿಲ್ಲ. ತಂದೆಯ ಮನೆಯಲ್ಲಿ ಅನೇಕ ವಾಸಸ್ಥಾನಗಳಿವೆ ಎನ್ನುವ 14:2ರ ನಾಮಪದ ಇದೇ ಕ್ರಿಯಾಪದದಿಂದ ಹುಟ್ಟಿದ್ದು. ಹೊಸ ಒಡಂಬಡಿಕೆಯಲ್ಲಿ ಆ ನಾಮಪದ ಬರುವುದು ಎರಡೇ ಕಡೆ: ಅಲ್ಲಿ ಮತ್ತು 14:23ರಲ್ಲಿ. ಎರಡನೆಯ ಕಡೆ, ಪ್ರೀತಿಸುವವನ ಬಳಿಗೆ ತಂದೆಯೂ ಪುತ್ರನೂ ಬಂದು ನೆಲೆ ಮಾಡುವರೆಂಬ ವಾಗ್ದಾನ. ಸತ್ತ ಮೇಲೆ ಸಿಗುವ ಮನೆಯೂ ಈಗಲೇ ನಮ್ಮೊಳಗಿರುವ ನೆಲೆಯೂ ಒಂದೇ ಪದ. ಅಂದು ಆ ಸಾವಿನ ಮನೆಯಲ್ಲಿ ನಾವು ಹೇಳಬಹುದಾಗಿದ್ದ ಮಾತು ಇದೇ. ಒಂದೇ ಅನುವಾದವನ್ನು ಸರಾಗವಾಗಿ ಓದಿಕೊಂಡು ಹೋದವರಿಗೆ ಅದು ಕಾಣದೆ ಹೋಗಬಹುದು. ಕಂಡರೂ ಕನ್ನಡದ ಮಾತು ಬಾಯಿಗೆ ಬಾರದಿದ್ದರೆ ಪ್ರಯೋಜನವಿಲ್ಲ.

ಆದಕಾರಣ ಅಡಿಟಿಪ್ಪಣಿಗಳು ಮುಖ್ಯ. ಯೊವಾನ್ನ 3:8ರಲ್ಲಿ ಗಾಳಿಗೂ ಆತ್ಮಕ್ಕೂ ಮೂಲದಲ್ಲಿ ಒಂದೇ ಪದ. 3:3ರ ಪದಕ್ಕೆ 'ಮೇಲಿನಿಂದ' ಎಂದೂ 'ಮತ್ತೊಮ್ಮೆ' ಎಂದೂ ಅರ್ಥವುಂಟು. ಕನ್ನಡದ ಯಾವ ಒಂದು ಪದವೂ ಇದನ್ನು ಹೊರಲಾರದು, ಟಿಪ್ಪಣಿ ಹೊರಬಲ್ಲದು. ಮಾರ್ಕ 16:9-20 ಮತ್ತು ಯೊವಾನ್ನ 7:53-8:11 ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೆಂಬುದನ್ನು ಆವರಣ ಚಿಹ್ನೆಯಿಂದಲೋ ಟಿಪ್ಪಣಿಯಿಂದಲೋ ತಿಳಿಸುವ ಮುದ್ರಣವನ್ನೇ ಅಧ್ಯಯನಕ್ಕೆ ಆರಿಸಿಕೊಳ್ಳಬೇಕು. ಅವು ಧರ್ಮಸಭೆಗೆ ಪವಿತ್ರ ಗ್ರಂಥವೇ ಆಗಿವೆ; ಆದರೂ ಅಧ್ಯಯನ ಮಾಡುವವನು ಅವುಗಳ ಚರಿತ್ರೆಯನ್ನು ಅರಿತಿರಬೇಕು.

ಧರ್ಮಸಭೆಯ ಮಾರ್ಗದರ್ಶನ

ವಿಶ್ವಾಸಿಗಳೆಲ್ಲರಿಗೂ ಪವಿತ್ರ ಗ್ರಂಥದ ಬಾಗಿಲು ವಿಶಾಲವಾಗಿ ತೆರೆದಿರಬೇಕು ಎಂಬುದು 1965ರ 'ದೇಯಿ ವೆರ್ಬುಮ್' ಸಂವಿಧಾನದ 22ನೆಯ ಪರಿಚ್ಛೇದದ ಆಶಯ. ವಿಶೇಷವಾಗಿ ಮೂಲಭಾಷೆಗಳಿಂದ ಅನುವಾದಗಳಾಗಬೇಕೆಂದೂ, ಅಧಿಕಾರಿಗಳ ಸಮ್ಮತಿಯೊಂದಿಗೆ ಇತರ ಕ್ರೈಸ್ತ ಸಹೋದರರ ಸಹಕಾರದಲ್ಲಿ ಅವು ಸಿದ್ಧವಾಗಬಹುದೆಂದೂ ಅದು ಹೇಳುತ್ತದೆ. ಧರ್ಮಸಭಾ ಕಾನೂನು ಸಂಹಿತೆಯ 825ನೆಯ ವಿಧಿಯ ಪ್ರಕಾರ ಪ್ರಕಟಣೆಗೆ ಪ್ರೇಷಿತ ಪೀಠದ ಅಥವಾ ಧರ್ಮಾಧ್ಯಕ್ಷರ ಮಂಡಳಿಯ ಅನುಮೋದನೆ ಬೇಕು. ಆದ್ದರಿಂದ ನಿತ್ಯದ ಓದಿಗೆ ಅನುಮೋದಿತವಾದ, 73 ಪುಸ್ತಕಗಳೂ ಇರುವ ಮುದ್ರಣವನ್ನೇ ಆರಿಸಿಕೊಳ್ಳುವುದು ಕ್ರಮ. ತೋಬಿತ, ಸಿರಾಖ, ಜ್ಞಾನಗ್ರಂಥಗಳಿಲ್ಲದ ಪ್ರತಿಯಲ್ಲಿ ನಮ್ಮ ವಾಚನಗಳ ಒಂದು ಭಾಗವೇ ಸಿಗುವುದಿಲ್ಲ. ಹೋಲಿಕೆಗಾಗಿ 66 ಪುಸ್ತಕಗಳ ಹಳೆಯ ಸತ್ಯವೇದವನ್ನು ಪಕ್ಕದಲ್ಲಿಟ್ಟುಕೊಳ್ಳಲು ಇದು ಅಡ್ಡಿಯಾಗದು.

ಹೇಗೆ ಆರಿಸಿಕೊಳ್ಳುವುದು?

ಅಂಗಡಿಯಲ್ಲಿ ಬೈಬಲನ್ನು ಕೈಗೆತ್ತಿಕೊಂಡಾಗ ಮೊದಲು ಫಿಲೆಮೋನನ ಪತ್ರವನ್ನು ತೆರೆಯಿರಿ. ಇರುವುದು 25 ವಚನಗಳು. ಒಮ್ಮೆ ಗಟ್ಟಿಯಾಗಿ ಓದಿರಿ. ಪೌಲರು ಒಬ್ಬ ಗೆಳೆಯನಿಗೆ ಬರೆದ ಪತ್ರವೆಂದು ಕಿವಿಗೆ ಅನ್ನಿಸಿದರೆ ಆ ಅನುವಾದ ನಿಮಗೆ ಓದಲು ಒದಗುತ್ತದೆ. ಅನಂತರ ಮೇಲೆ ಹೇಳಿದ ಯೊವಾನ್ನ 15ನ್ನು ನೋಡಿರಿ. ಅಧ್ಯಯನದಲ್ಲಿ ಅದು ಎಷ್ಟರಮಟ್ಟಿಗೆ ನೆರವಾಗುವುದೆಂದು ತಿಳಿಯುತ್ತದೆ. ಕೊನೆಗೆ ಪೀಠಿಕೆ, ಟಿಪ್ಪಣಿ, ಅನುಮೋದನೆಗಳನ್ನು ಪರಿಶೀಲಿಸಿರಿ.

ನಮ್ಮ ಸಲಹೆ ಇಷ್ಟು. ನಿತ್ಯದ ಓದಿಗೆ ಸರಳ ಕನ್ನಡದ ಒಂದು ಅನುವಾದವನ್ನು ಆರಿಸಿಕೊಂಡು, ವರ್ಷಗಟ್ಟಲೆ ಅದನ್ನೇ ಓದಿರಿ. ಪದೇಪದೇ ಬದಲಾಯಿಸಿದರೆ ಒಂದು ವಾಕ್ಯವೂ ನೆನಪಿನಲ್ಲಿ ಬೇರೂರದು. ಬಿಡಿ ವಚನಗಳನ್ನಲ್ಲ, ಪುಸ್ತಕಗಳನ್ನು ಓದಿರಿ. ಮಾರ್ಕರ ಶುಭಸಂದೇಶವನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಯಾವುದಾದರೂ ಮಾತು ತಡೆದು ನಿಲ್ಲಿಸಿದಾಗ, ಮೂಲಕ್ಕೆ ಹತ್ತಿರವಿರುವ ಎರಡನೆಯ ಅನುವಾದವನ್ನು ತೆರೆಯಿರಿ. ಎರಡೂ ಬೇರೆಯಾಗುವಲ್ಲಿ ಗುರುತು ಹಾಕಿ, ಅಲ್ಲಿ ಮಾತ್ರ ಗ್ರೀಕ್, ಹೀಬ್ರೂ, ವ್ಯಾಖ್ಯಾನಗಳ ಕಡೆಗೆ ಹೋಗಿರಿ. ಇಂಗ್ಲಿಷ್ ಅನುವಾದಗಳು ಈ ಮೂರನೆಯ ಹಂತಕ್ಕೆ ಸೇರಿದವು, ಮೊದಲನೆಯದಕ್ಕೆ ಅಲ್ಲ.

ಪರಿಚಿತ ಪದಗಳ ಮೇಲೆ ಜನರಿಗಿರುವ ಮಮತೆಯನ್ನೂ ನಾವು ಹಗುರವಾಗಿ ಕಾಣಬಾರದು. ಸಂತ ಅಗಸ್ಟೀನರು 403ರಲ್ಲಿ ಸಂತ ಜೆರೋಮರಿಗೆ ಬರೆದ ಪತ್ರವೊಂದರಲ್ಲಿ ಒಂದು ಪ್ರಸಂಗವಿದೆ. ಉತ್ತರ ಆಫ್ರಿಕದ ಓಯಾ ಪಟ್ಟಣದ ಧರ್ಮಾಧ್ಯಕ್ಷರು ಜೆರೋಮರ ಹೊಸ ಅನುವಾದದಿಂದ ಯೋನನ ಪುಸ್ತಕವನ್ನು ಓದಿಸಿದರು. ಯೋನನಿಗೆ ನೆರಳಾದ ಬಳ್ಳಿಯ ಹೆಸರು ಬದಲಾಗಿತ್ತು. ಜನ ತಲೆಮಾರುಗಳಿಂದ ಕೇಳಿ ಬಂದ ಸೋರೆ ಅಲ್ಲಿರಲಿಲ್ಲ. ಗದ್ದಲವೆದ್ದಿತು, ಧರ್ಮಾಧ್ಯಕ್ಷರು ತಮ್ಮ ಜನರನ್ನೇ ಕಳೆದುಕೊಳ್ಳುವ ಸ್ಥಿತಿ ಬಂದಿತು. ಪಾಂಡಿತ್ಯ ಜೆರೋಮರದು, ಆದರೆ ವಾಕ್ಯವನ್ನು ಮನಸ್ಸಿನಲ್ಲಿಟ್ಟು ಕಾಪಾಡಿದ್ದವರು ಆ ಜನ. ಯಾರಾದರೂ ವೃದ್ಧರು ಹಳೆಯ ಅನುವಾದದ ಮಾತಿನಲ್ಲೇ ಪ್ರಾರ್ಥಿಸುತ್ತಿದ್ದರೆ ಅವರನ್ನು ತಿದ್ದುವ ಮೊದಲು ಇದನ್ನು ನೆನೆಯೋಣ.

ಆ ಅಜ್ಜಿ ಯಾವ ಅನುವಾದದ ಮಾತುಗಳನ್ನು ಹೇಳಿದರೆಂದು ಅಂದು ನಾವು ಗಮನಿಸಲಿಲ್ಲ. ಅವರ ಬಾಯಲ್ಲಿ ಅದು ಅನುವಾದದಂತೆ ಕೇಳಿಸಲೇ ಇಲ್ಲ. ಮರುವಾರವೇ ಒಂದು ಕನ್ನಡ ಬೈಬಲನ್ನು ಕೊಂಡು ಮೇಜಿನ ಮೇಲಿಟ್ಟೆವು. ಅಂದಿನಿಂದ ಬೆಳಗಿನ ಓದು ಅದರಲ್ಲೇ ನಡೆದಿದೆ. ಅದರ ಬೆನ್ನುಕಟ್ಟನ್ನು ಈಗಾಗಲೇ ಎರಡು ಬಾರಿ ಹೊಲಿಸಿದ್ದೇವೆ.