ತೋಟಾ ಒಳಗೆ ಕೂತರೆ ಸಾಕಾ?

ಕೋವಿಯೊಳಗೆ ತೋಟಾ ಸಲೀಸಾಗಿ ಕೂತುಬಿಡ್ತು.
ಹಾಗಾದ್ರೆ ಅದು ನಿಮ್ಮ ಕೋವಿಯದ್ದೇನಾ?

ಅಲ್ಲದೆಯೂ ಇರಬಹುದು!

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ.
ನಾಗರಹೊಳೆ ಕಾಡಂಚಿನಲ್ಲಿ
ಬೆಳೆ ಕಾಯೋಕೆ ಲೈಸೆನ್ಸ್ ಕೋವಿ ಇಟ್ಟಿರೋರೇ,
ಸ್ವಲ್ಪ ಕೇಳಿ.

12 ಬೋರ್ ತೋಟಾ
65 ಮಿಲಿಮೀಟರ್ ಉದ್ದದ್ದೂ ಬರುತ್ತೆ,
70ರದ್ದೂ ಬರುತ್ತೆ.
ಆದರೆ ಈ ಅಳತೆ ಹಾರಿಸಿದ ಮೇಲಿನದು.
ಮಡಚಿದ ಬಾಯಿ ಪೂರ್ತಿ ಬಿಚ್ಚಿಕೊಂಡಾಗಿನದು!

ಅದಕ್ಕೇ 70ರ ತೋಟಾ
65ರ ತೋಟಾಕ್ಕೆ ಮಾಡಿದ ಕೋವಿಯೊಳಗೂ ಕೂತುಬಿಡುತ್ತೆ.
ಕುದುರೆ ಎಳೆದಾಗ ಮಾತ್ರ
ಬಾಯಿ ಬಿಚ್ಚೋಕೆ ಜಾಗ ಇರಲ್ಲ.
ಓಡ್ತಿರೋ ಪಂಪ್‌ಸೆಟ್ಟಿನ ಪೈಪಿಗೆ
ಅಂಗೈ ಒತ್ತಿ ಹಿಡಿದ ಹಾಗೆ.
ಒತ್ತಡ ಒಳಗೇ ಏರುತ್ತೆ.
ಹಳೇ ಕೋವಿ ಸಿಡೀಬಹುದು.
ಕೈ ಹೋಗಬಹುದು.

70ರ ಕೋವಿಗೆ 65ರ ತೋಟಾ ನಡೆಯುತ್ತೆ.
ಉಲ್ಟಾ ಮಾತ್ರ ಬೇಡವೇ ಬೇಡ.

ಮೊದಲು ಕೋವಿ ಖಾಲಿ ಮಾಡಿ.
ನಳಿಗೆ ಬುಡದಲ್ಲಿರೋ ಅಳತೆಯ ಗುರುತು ಓದಿ.
ಸವೆದು ಹೋಗಿದ್ರೆ
ಲೈಸೆನ್ಸ್ ಇರೋ ಕೋವಿ ಅಂಗಡಿಯಲ್ಲಿ ಅಳೆಸಿ.
ಅಲ್ಲೀವರೆಗೂ ಹಾರಿಸಬೇಡಿ.